‘ಬಿದ್ದದ’ ಅಂದರೆ ನಾಲ್ಕನೇ ದರ್ಜೆಯೋ, ಐದನೆಯದೋ?

ಮಹಾರಾಷ್ಟ್ರದ ಅಕ್ಕಲಕೋಟೆ, ಉಮರ್ಗಾ ಕಡೆಯ ಹಳ್ಳಿಗಳಿಗೆ ಭೂಕಂಪದ ಹಾನಿ ಗುರುತಿಸುವ ನಮೂನೆಯನ್ನು ಕನ್ನಡದಲ್ಲಿ ಬರೆಯುವಾಗ ಎದುರಾಗುವ ಪದಗಳ ಪ್ರಶ್ನೆ ಇದು. ಆಧಾರ ಭೂಕಂಪದ ತೀವ್ರತೆ ಅಳೆಯುವ 1998ರ ಯುರೋಪಿಯನ್ ಮಾಪಕ; ಅದರಲ್ಲಿ ಹಾನಿಗೆ ಐದು ದರ್ಜೆ, ಒಂದು ಅತಿ ಕಡಿಮೆ, ಐದು ಅತಿ ಹೆಚ್ಚು. ಮೊದಲೆರಡಕ್ಕೆ ತೊಡಕಿಲ್ಲ: ಎಳೆಬಿರುಕು, ಗಿಲಾವು ಉದುರುವುದು ಎಂದರೆ ಸಾಕು.

ತೊಡಕು ಮಣ್ಣಿನ ಮಾಳಿಗೆಯ ಕಲ್ಲುಮನೆಯದು. ಗೋಡೆ ಒಳಗೊಂದು, ಹೊರಗೊಂದು ಪದರು. ನಡುವೆ ಮಣ್ಣು, ಚಕ್ಕೆಕಲ್ಲು. ಅಗಲಕ್ಕೆ ಅಡ್ಡ ಹಾಯುವ ಉದ್ದಗಲ್ಲು ಇಟ್ಟಿರದಿದ್ದರೆ ಅಲುಗಿದಾಗ ಪದರುಗಳು ಬೇರ್ಪಟ್ಟು ಹೊರಮೈ ಉಬ್ಬುತ್ತದೆ. ಗೌಂಡಿಗಳು ‘ಹೊಟ್ಟಿ ಬಂದದ’ ಅನ್ನುವುದು ಇದಕ್ಕೇ. ಗಿಲಾವಿನ ಮೇಲೆ ದೊಡ್ಡ ಬಿರುಕು ಕಾಣದೆಯೂ ಇರಬಹುದು. ತೂಕದ ಗುಂಡು ಇಳಿಬಿಟ್ಟರೆ ಉಬ್ಬು ತಿಳಿಯುತ್ತದೆ, ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಬರೀ ‘ಬಿರುಕು’ ಕೇಳುವ ನಮೂನೆ ಇಂಥ ಗೋಡೆಯನ್ನು ಒಂದನೇ ದರ್ಜೆಗೆ ಹಾಕಿಬಿಡುತ್ತದೆ. ನನ್ನ ಲೆಕ್ಕದಲ್ಲಿ ಇದು ಕನಿಷ್ಠ ಮೂರು; ಹೊರಪದರು ಜಾರಿ ಬಿದ್ದಿದ್ದರೆ ನಾಲ್ಕು.

ಇನ್ನು ‘ಬಿದ್ದದ’. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 6.2ರ ಭೂಕಂಪವಾದಾಗ, ಕೆಲವು ಅಂಕಣದ ಮನೆಗಳಲ್ಲಿ ಗೋಡೆ ಉರುಳಿದರೂ ಕಂಬ, ತೊಲೆ ಮಾಳಿಗೆಯನ್ನು ಹೊತ್ತು ನಿಂತವು. ಮನೆಯವರ ಬಾಯಲ್ಲಿ ಅದೂ ‘ಬಿದ್ದದ’, ಮಾಳಿಗೆ ಸಮೇತ ಗುಡ್ಡೆಯಾದದ್ದೂ ‘ಬಿದ್ದದ’. ಮೊದಲನೆಯದು ನಾಲ್ಕು, ಎರಡನೆಯದು ಐದು. ಐದಕ್ಕೆ ‘ನೆಲಸಮ’ ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಬಹುತೇಕ ಕುಸಿದದ್ದೂ ಐದೇ. ‘ನೆಲಸಮ’ ಎಂದರೆ ಒಂದು ಗೋಡೆ ಉಳಿದಿದ್ದರೂ ಸಮೀಕ್ಷೆಯವರು ನಾಲ್ಕಕ್ಕೆ ಇಳಿಸುತ್ತಾರೆ. ‘ಗೋಡೆ ಕುಸಿದದ್ದು’, ‘ಮನೆಯೇ ಕುಸಿದದ್ದು’ ಎಂದು ಬಿಡಿಸಿ ಬರೆಯುವುದು ಮೇಲು.

ಕಾಂಕ್ರೀಟ್ ಚೌಕಟ್ಟಿನ ಮನೆಯಲ್ಲಿ ಕಂಬಗಳ ನಡುವಿನ ಇಟ್ಟಿಗೆ ಗೋಡೆ ಬಿರುಕು ಬಿಟ್ಟರೆ ಎರಡು. ಕಂಬದ ಬುಡದಲ್ಲಿ ಕಾಂಕ್ರೀಟ್ ಸಿಪ್ಪೆ ಎದ್ದು ಸರಳು ಬಾಗಿದ್ದರೆ ಮೂರು. ಆದ್ದರಿಂದ ‘ಎಲ್ಲಿ?’ ಎಂಬ ಕಾಲಂ ‘ಎಷ್ಟು?’ ಎಂಬುದಕ್ಕಿಂತ ಮೊದಲು ಬರಬೇಕು.

ದರ್ಜೆಗಳಿಗೆ ಎ, ಬಿ, ಸಿ ಅಕ್ಷರಗಳನ್ನಂತೂ ಬಳಸಬಾರದು. ಮಾಪಕದಲ್ಲಿ ಎ ಎಂದರೆ ಅತಿ ದುರ್ಬಲ ಕಟ್ಟಡ ವರ್ಗ. ಕಿಲ್ಲಾರಿ ಪುನರ್ವಸತಿಯಲ್ಲಿ ಎ ಎಂದರೆ ಸ್ಥಳಾಂತರದ ಊರು, ಬಿ ಇದ್ದಲ್ಲೇ ಮರುನಿರ್ಮಾಣ, ಸಿ ದುರಸ್ತಿ.

ಕೇಳಬೇಕಾದದ್ದು ಎರಡು. ‘ಹೊಟ್ಟೆ ಬಂದ ಗೋಡೆ’ ಎಂದೇ ಅಚ್ಚು ಮಾಡಬಹುದೇ? ಭಾರ ಹೊರದ ಇಟ್ಟಿಗೆ ಗೋಡೆಗೆ ಜತ್ತ, ಸೊಲ್ಲಾಪುರದ ಗೌಂಡಿಗಳಲ್ಲಿ ಒಂದೇ ಮಾತಿನ ಹೆಸರಿದೆಯೇ?