ಮಂಡ್ಯದಲ್ಲಿ ಮಲ್ಟಿಸ್ಟ್ರಾಡಾ ವಿ4: ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಗುತ್ತಲು ರಸ್ತೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಎತ್ತರ 5 ಅಡಿ 6 ಇಂಚು. ಗಾಡಿ ಕಲಿತದ್ದು ಅಪ್ಪನ ಯೆಜ್ಡಿಯಲ್ಲಿ. ಆಮೇಲೆ 16 ವರ್ಷದಿಂದ ಬುಲೆಟ್ 350. ಈಗ ಬೆಂಗಳೂರಿನಲ್ಲಿ ಪರಿಚಯದವರೊಬ್ಬರು ಡುಕಾಟಿ ಮಲ್ಟಿಸ್ಟ್ರಾಡಾ ವಿ4 ಎಸ್ ಬೈಕ್ ಮಾರುತ್ತಿದ್ದಾರೆ. 2022ರ ಗಾಡಿ, 19,000 ಕಿ.ಮೀ. ಓಡಿದೆ. ದುಡ್ಡು ಹೊಂದಿಸಿಕೊಂಡಿದ್ದೇನೆ.

ನನ್ನ ಓಡಾಟ ಮಂಡ್ಯ, ಗದ್ದೆ ಇರುವ ಕೆ.ಎಂ.ದೊಡ್ಡಿ ಕಡೆ, ತಿಂಗಳಿಗೊಮ್ಮೆ ಮೇಲುಕೋಟೆ. ವರ್ಷಕ್ಕೆರಡು ಸಲ ಮನೆಯವಳ ಜೊತೆ ದೂರ ಹೋಗುತ್ತೇವೆ. ಊಟಿ, ಕೊಡಗು, ಈ ಸಲ ಗೋಕರ್ಣ. 170 ಎಚ್‌ಪಿ ಗಾಡಿ ನಮ್ಮ ರಸ್ತೆಗೆ, ನನ್ನ ಕೈಗೆ ಆಗುತ್ತಾ? ಓದಿದ್ದು ಸಾಕಷ್ಟಾಗಿದೆ. ಇಟ್ಟುಕೊಂಡು ಓಡಿಸುತ್ತಿರುವವರ ಮಾತು ಬೇಕು.

ಹೆಬ್ಬಾಳ, ಮೈಸೂರು

ನನ್ನದು ಬಿಎಂಡಬ್ಲ್ಯು ಆರ್ 1250 ಜಿಎಸ್. 136 ಎಚ್‌ಪಿ, 143 ನ್ಯೂಟನ್ ಮೀಟರ್ ಟಾರ್ಕ್. ಹಿಂದಿನ ಚಕ್ರ ತಿರುಗಿಸಲು ಚೈನ್ ಇಲ್ಲ, ಮುಚ್ಚಿದ ಶಾಫ್ಟ್ ಇದೆ. ಗದ್ದೆ ಕೆಸರಲ್ಲಿ ಓಡಾಡುವವರಿಗೆ ಇದೇ ದೊಡ್ಡ ನೆಮ್ಮದಿ. ಎಂಜಿನ್ ಸಿಲಿಂಡರ್ ಎರಡೂ ಪಕ್ಕಕ್ಕೆ ಮಲಗಿರುವುದರಿಂದ ಭಾರ ಕೆಳಗಿರುತ್ತದೆ. ದುಡ್ಡು ಕೊಡುವ ಮೊದಲು ಇದನ್ನೂ ಒಮ್ಮೆ ಓಡಿಸಿ ನೋಡಿ ಸರ್.

ಕುವೆಂಪುನಗರ, ಮೈಸೂರು

ಅಣ್ಣ, ನೀವು ಕೇಳಿದ ಮಲ್ಟಿಸ್ಟ್ರಾಡಾವೇ ನನ್ನ ಹತ್ತಿರ ಮೂರೂವರೆ ವರ್ಷದಿಂದ ಇದೆ. 34,000 ಕಿ.ಮೀ. ಆಗಿದೆ. ನಮ್ಮಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದವರು, 1996ರಲ್ಲಿ ಅದು ಮುಚ್ಚುವವರೆಗೂ. ಯಾವ ಗಾಡಿ ಮನೆ ಮುಂದೆ ಬಂದರೂ ಅವರು ಮೊದಲು ಕಿಕ್ ಹೊಡೆಯುತ್ತಿರಲಿಲ್ಲ. ಸ್ಟ್ಯಾಂಡ್ ತೆಗೆದು ಹತ್ತು ಹೆಜ್ಜೆ ತಳ್ಳುತ್ತಿದ್ದರು. ನೀವೂ ಅದನ್ನೇ ಮಾಡಿ.

170 ಎಚ್‌ಪಿಗೆ ಹೆದರಬೇಡಿ. ಊರೊಳಗಿನ ಅರ್ಬನ್ ಮೋಡ್, ಮಣ್ಣು ರಸ್ತೆಯ ಎಂಡ್ಯೂರೋ ಮೋಡ್ ಹಾಕಿದರೆ ಅದು 115ಕ್ಕೆ ಇಳಿಯುತ್ತದೆ. ಆಕ್ಸಿಲರೇಟರ್ ನಿಮ್ಮ ಕೈಯಲ್ಲೇ ಇರುತ್ತದೆ ಅಲ್ವಾ? ಹೆದರಬೇಕಾದ್ದು ಭಾರಕ್ಕೆ. ಪೆಟ್ರೋಲ್ ತುಂಬಿದಾಗ 243 ಕೆ.ಜಿ. ನಿಮ್ಮ ಬುಲೆಟ್‌ಗಿಂತ 50 ಕೆ.ಜಿ.ಯಷ್ಟು ಜಾಸ್ತಿ. 22 ಲೀಟರ್ ಟ್ಯಾಂಕ್ ಎತ್ತರದಲ್ಲಿ ಇರುವುದರಿಂದ ಆ ಭಾರವೂ ಮೇಲೆಯೇ. ಸೀಟಿನ ಎತ್ತರ 840 ಮಿ.ಮೀ., ಎತ್ತರಿಸಿದರೆ 860. ಬುಲೆಟ್‌ನಲ್ಲಿ ನಿಮ್ಮ ಪಾದ ನೆಲಕ್ಕೆ ಚೆನ್ನಾಗಿ ಊರುತ್ತದೆ. ಇದರಲ್ಲಿ ಪಾದದ ಮುಂಭಾಗ ತಾಗಿದರೆ ಹೆಚ್ಚು.

ನನ್ನ ಗಾಡಿ ಬಿದ್ದದ್ದು ನಿಂತಲ್ಲೇ. ತಗೊಂಡ ಎರಡನೇ ತಿಂಗಳು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ, ಎಷ್ಟೇ ದೊಡ್ಡ ಬೈಕ್ ಆದರೂ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಮದ್ದೂರು ಕಡೆ ಅಂಡರ್‌ಪಾಸ್ ಹತ್ತಿರ ತಿರುಗುವಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ನಿಲ್ಲಿಸಿ ಎಡಗಾಲು ಇಟ್ಟೆ. ಅಲ್ಲಿ ನೆಲವೇ ಇರಲಿಲ್ಲ, ರಸ್ತೆ ಅಂಚು ಅರ್ಧ ಅಡಿ ಕುಸಿದಿತ್ತು. ಒಮ್ಮೆ ವಾಲಿದ ಮೇಲೆ 243 ಕೆ.ಜಿ. ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗುವುದಿಲ್ಲ. ಕ್ಲಚ್ ಲಿವರ್ ಮುರಿಯಿತು. ಟ್ರ್ಯಾಕ್ಟರ್‌ನವರೂ ಕಬ್ಬು ಕಡಿಯುವ ಇಬ್ಬರೂ ಬಂದು ಎತ್ತಿಕೊಟ್ಟರು. ಅವರಿಗೆ ಇವತ್ತಿಗೂ ಋಣಿ.

ಅಂದಿನಿಂದ ನಿಲ್ಲಿಸುವ ಮೊದಲೇ ಕಾಲಿಡುವ ಜಾಗ ನೋಡುತ್ತೇನೆ. ಕೊನೆಯ ನಾಲ್ಕು ಮಾರು ಮುಂದಿನ ಬ್ರೇಕ್ ಮುಟ್ಟುವುದಿಲ್ಲ, ಹಿಂದಿನದ್ದು ಮಾತ್ರ. ಹ್ಯಾಂಡಲ್ ನೇರ ಇರಬೇಕು. ತಗ್ಗಿನ ಸೀಟೂ ಹಾಕಿಸಿದೆ. ಅದರಲ್ಲಿ 810 ಮಿ.ಮೀ.ವರೆಗೆ ಇಳಿಸಬಹುದು. ನಿಮ್ಮ ಎತ್ತರಕ್ಕೆ ಅದು ಬೇಕೇ ಬೇಕು.

ಇನ್ನೊಂದು ವಿಷಯ, ನಮ್ಮ ಕಡೆಯದ್ದು. ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆ ಮೇಲೆ ಹುರುಳಿ, ರಾಗಿ ಹಾಸಿ ಒಕ್ಕಣೆ ಮಾಡುತ್ತಾರೆ. ದೂರದಿಂದಲೇ ವೇಗ ಇಳಿಸಿ. ಹುಲ್ಲಿನ ಮೇಲೆ ಹೋದಾಗ ಬ್ರೇಕ್ ಹಿಡಿಯಬೇಡಿ, ತಿರುಗಿಸಬೇಡಿ, ನಿಧಾನವಾಗಿ ನೇರ ಹೋಗಿ. ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇದೆ ಎಂದು ನಂಬಬೇಡಿ, ಟೈರಿಗೂ ರಸ್ತೆಗೂ ನಡುವೆ ಹುಲ್ಲೇ ಇರುವಾಗ ಅದೇನು ಮಾಡುತ್ತದೆ? ದಾಟಿದ ಮೇಲೆ ನಿಲ್ಲಿಸಿ ಚೈನ್‌ಗೆ ಹುಲ್ಲು ಸುತ್ತಿದೆಯಾ ನೋಡಿ.

ಬಿಸಿ ಇದೆ. ನಿಂತಾಗ ಹಿಂದಿನ ಎರಡು ಸಿಲಿಂಡರ್ ತಾವಾಗಿಯೇ ನಿಲ್ಲುತ್ತವೆ, ಆದರೂ ಏಪ್ರಿಲ್‌ನಲ್ಲಿ ದೇವರಾಜ ಮಾರ್ಕೆಟ್ ಸುತ್ತ ಸಿಕ್ಕಿಕೊಂಡರೆ ತೊಡೆಗೆ ತಾಗುತ್ತದೆ. ಸರ್ವೀಸ್ 15,000 ಕಿ.ಮೀ. ಇಲ್ಲವೇ 2 ವರ್ಷಕ್ಕೊಮ್ಮೆ. ವಾಲ್ವ್ ಕ್ಲಿಯರೆನ್ಸ್, ಅಂದರೆ ಎಂಜಿನ್ ವಾಲ್ವ್ ಸಂದು, ನೋಡಬೇಕಾದ್ದು 60,000 ಕಿ.ಮೀ.ಗೆ. ನೀವು ಹೇಳುವ ಗಾಡಿಗೆ 15,000ದ ಸರ್ವೀಸ್ ಆಗಿದೆಯಾ, ದಾಖಲೆ ಕೇಳಿ. ರಾಡಾರ್ ಇದೆಯಾ ಅದನ್ನೂ ನೋಡಿ. ಮುಂದೆ, ಹಿಂದೆ ಎರಡೂ ಕಡೆ ರಾಡಾರ್ ಇಟ್ಟು ಮಾರಾಟಕ್ಕೆ ಬಂದ ಮೊದಲ ಬೈಕ್ ಇದು. ಚಿತ್ರದುರ್ಗದ ಕಡೆ ಹೈವೇಯಲ್ಲಿ ಮುಂದಿನ ಗಾಡಿಗೆ ತಕ್ಕಂತೆ ತಾನೇ ವೇಗ ಇಳಿಸುತ್ತದೆ. ಮಂಡ್ಯದ ಸರ್ವೀಸ್ ರಸ್ತೆಯಲ್ಲಿ ನಾನಂತೂ ಅದನ್ನು ಹಾಕುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಬೇಡ ಅನ್ನಲಿಕ್ಕಲ್ಲ. ಬಂಡೀಪುರದ ಗೇಟ್ ಬೆಳಿಗ್ಗೆ 6ಕ್ಕೆ ತೆಗೆಯುತ್ತದೆ. ನಾಲ್ಕೂವರೆಗೆ ಮೈಸೂರು ಬಿಟ್ಟರೆ ಸರಿಯಾಗಿ ಅಲ್ಲಿರುತ್ತೀರಿ. ಕಾಡಿನಲ್ಲಿ ನಿಧಾನ, ಜಿಂಕೆ ಯಾವಾಗ ಅಡ್ಡ ಬರುತ್ತದೋ ಗೊತ್ತಿಲ್ಲ. ಮಸಿನಗುಡಿ ದಾಟಿ ಕಲ್ಲಟ್ಟಿಯ 36 ತಿರುವು ಹತ್ತುವಾಗ ಈ ಗಾಡಿ ಏನು ಅಂತ ಗೊತ್ತಾಗುತ್ತದೆ. ಇಬ್ಬರು ಕೂತು, ಎರಡು ಪೆಟ್ಟಿಗೆ ಕಟ್ಟಿದ್ದರೂ ರಸ್ತೆಯ ಗುಂಡಿಗಳಿಗೆ ತಕ್ಕಂತೆ ಶಾಕ್ ಅಬ್ಸಾರ್ಬರ್ ತಾನೇ ಮೆತ್ತಗೆ, ಗಟ್ಟಿ ಆಗುತ್ತದೆ. ಊಟಿಯಲ್ಲಿ ಇಳಿದಾಗ ನನ್ನ ಸೊಂಟ ನೋಯಲಿಲ್ಲ. ನನಗೆ 51.

ವಿಜಯನಗರ 2ನೇ ಹಂತ, ಮೈಸೂರು

ನಾನು ಹಿಂದೆ ಕೂರುವವಳು. ನಮ್ಮ ಮನೆಯಲ್ಲಿರುವುದು ಟ್ರಯಂಫ್ ಟೈಗರ್ 1200. ಅಣ್ಣ, ಅತ್ತಿಗೆಯನ್ನು ಕೇಳಿದ್ದೀರಾ? ಪೆಟ್ಟಿಗೆ ಕಟ್ಟಿದ ಮೇಲೆ ಹತ್ತುವುದು ಸುಲಭವಲ್ಲ. ಎಡಗಾಲು ಫುಟ್‌ರೆಸ್ಟ್ ಮೇಲಿಟ್ಟು ಎದ್ದು ನಿಂತು ಬಲಗಾಲು ದಾಟಿಸಬೇಕು. ಗಾಡಿ ವಾಲುವುದೂ ಅದೇ ಹೊತ್ತಿಗೆ. ನಾವು ಒಂದು ಕ್ರಮ ಮಾಡಿಕೊಂಡಿದ್ದೇವೆ. ನಮ್ಮ ಯಜಮಾನರು ಎರಡೂ ಕಾಲು ಊರಿ "ಹತ್ತು" ಅನ್ನುವವರೆಗೂ ನಾನು ಮುಟ್ಟುವುದಿಲ್ಲ. ಇಳಿಯುವಾಗಲೂ ಹಾಗೇ. ಕೊಳ್ಳುವ ಮೊದಲು ಅತ್ತಿಗೆಯನ್ನು ಕರೆದುಕೊಂಡು ಹೋಗಿ, ಹತ್ತು ಸಲ ಹತ್ತಿಸಿ ಇಳಿಸಿ. ಹಿಂದೆ ಒರಗಲು ಟಾಪ್ ಬಾಕ್ಸ್ ಇರಲಿ.

ಗುತ್ತಲು ರಸ್ತೆ, ಮಂಡ್ಯ

ಎಲ್ಲರಿಗೂ ಧನ್ಯವಾದ. ನಿನ್ನೆ ಇಬ್ಬರೂ ಬೆಂಗಳೂರಿಗೆ ಹೋಗಿದ್ದೆವು. ಟ್ಯಾಂಕ್ ತುಂಬಿಸಿಯೇ ತಳ್ಳಿದೆ. ಸಮ ನೆಲದಲ್ಲಿ ಬಂತು. ಅವರ ಮನೆಯ ಇಳಿಜಾರಿನಲ್ಲಿ ಮೂತಿ ಕೆಳಗಿಟ್ಟು ನಿಲ್ಲಿಸಿದ್ದರು, ಹಿಂದಕ್ಕೆ ಎಳೆಯಲು ಆಗಲೇ ಇಲ್ಲ. ಮನೆಯವಳು ಹತ್ತು ಸಲ ಹತ್ತಿ ಇಳಿದಳು, ಅವಳಿಗೆ ಸೀಟು ತುಂಬಾ ಹಿಡಿಸಿದೆ. 15,000ದ ಸರ್ವೀಸ್ ದಾಖಲೆ ಇದೆ, ರಾಡಾರ್ ಇದೆ. ತಗ್ಗಿನ ಸೀಟು ಹಾಕಿಸಿದ ಮೇಲೆ ಇನ್ನೊಮ್ಮೆ ನೋಡುತ್ತೇನೆ ಎಂದು ಹೇಳಿ ಬಂದೆ. ಕುವೆಂಪುನಗರದವರೇ, ನಿಮ್ಮ 810ರ ಸೀಟಿನ ಮೇಲೆ ಒಮ್ಮೆ ಕೂರಬಹುದಾ?

ಕುವೆಂಪುನಗರ, ಮೈಸೂರು

ಅದಕ್ಕೇನಂತೆ ಅಣ್ಣ. ಮೂತಿ ಯಾವಾಗಲೂ ಏರಿನ ಕಡೆ ಇಟ್ಟು ನಿಲ್ಲಿಸಿ, ಎಳೆಯುವ ಪ್ರಮೇಯವೇ ಬರುವುದಿಲ್ಲ. ಭಾನುವಾರ ಬೆಳಿಗ್ಗೆ 7ಕ್ಕೆ ಲಲಿತಮಹಲ್ ಹತ್ತಿರದ ಮೈದಾನಕ್ಕೆ ಬನ್ನಿ. ಹೆಲ್ಮೆಟ್, ಪಾದ ಮುಚ್ಚುವ ಗಟ್ಟಿ ಶೂ ಇರಲಿ. ನನ್ನ ಗಾಡಿಯಲ್ಲೇ ಯೂ ಟರ್ನ್ ಹೊಡೆಯಿರಿ, ಬಿದ್ದರೆ ಎತ್ತಲು ನಾನಿದ್ದೇನೆ.