ಅರವತ್ತರ ಹೊಸ್ತಿಲಲ್ಲಿ ಸಾಗರದ ಕಡೆ ತೋಟ ಕೊಳ್ಳಬಹುದೇ?

ಪ್ರಶ್ನೆ

ಮಾನ್ಯರೇ, ನಾನು ಬೆಂಗಳೂರಿನ ಒಂದು ಬ್ಯಾಂಕಿನ ಅಧಿಕಾರಿ. ಬರುವ ಮಾರ್ಚ್ ತಿಂಗಳಲ್ಲಿ ನಿವೃತ್ತನಾಗುತ್ತಿದ್ದೇನೆ. ಹುಟ್ಟಿ ಬೆಳೆದದ್ದು ದಾವಣಗೆರೆ ಪೇಟೆಯಲ್ಲಿ, ಮನೆತನಕ್ಕೆ ಗುಂಟೆ ಜಮೀನೂ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಗರ ತಾಲ್ಲೂಕಿನ ಹಳ್ಳಿಶಾಖೆಯೊಂದರಲ್ಲಿದ್ದೆ. ಬೆಳೆಸಾಲದ ತಪಾಸಣೆಗೆಂದು ಅಡಿಕೆ ತೋಟಗಳಿಗೆ ಹೋಗಿ ಬರುತ್ತಿದ್ದ ಆ ಕಾಲದಲ್ಲಿಯೇ, ಎಂದಾದರೂ ಇಲ್ಲಿಗೇ ಬಂದು ನೆಲೆಸಬೇಕೆಂಬ ಆಸೆ ಹುಟ್ಟಿತು. ಕೃಷಿಕ ಕುಟುಂಬದವನಲ್ಲದ ಕಾರಣ ಜಮೀನು ಕೊಳ್ಳಲು ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಅಡ್ಡ ಬರುತ್ತಿದ್ದವು. 2020ರ ತಿದ್ದುಪಡಿಯಲ್ಲಿ ಅವು ರದ್ದಾದ ಮೇಲೆ ಆಸೆಗೆ ಮತ್ತೆ ಜೀವ ಬಂದಿದೆ.

ಈಗ ಮಧ್ಯವರ್ತಿಯೊಬ್ಬರು ಎರಡು ಎಕರೆ ಅಡಿಕೆ ತೋಟ, ಹಳೆಯ ಹೆಂಚಿನ ಮನೆ ಮತ್ತು ಅದಕ್ಕೆ ‘ಸೇರಿದ’ ನಾಲ್ಕು ಎಕರೆ ಗುಡ್ಡವನ್ನು ತೋರಿಸಿದ್ದಾರೆ. ನಿವೃತ್ತಿಯ ಹಣದ ಬಹುಪಾಲು ಅದಕ್ಕೇ ಹೋಗುತ್ತದೆ. ಮಗ ಪುಣೆಯಲ್ಲಿದ್ದಾನೆ, ಅವನಿಗೆ ಇದರಲ್ಲಿ ಆಸಕ್ತಿಯಿಲ್ಲ. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆಯಿದೆ. “ನೀವು ಹೋಗಿ ಇರಿ, ನಾನು ಬಂದು ಹೋಗಿ ಮಾಡುತ್ತೇನೆ” ಎನ್ನುತ್ತಾಳೆ. ಈ ವಯಸ್ಸಿನಲ್ಲಿ ಮುಂದುವರಿಯುವುದು ಸರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಹೊಸನಗರದ ಕೃಷಿಕ

ಸರ್, ತಾವು ಬಯಸುತ್ತಿರುವುದು ಹಳ್ಳಿಯಲ್ಲಿ ಬದುಕುವುದನ್ನೋ, ಅಡಿಕೆ ಬೆಳೆಗಾರನಾಗುವುದನ್ನೋ ಎಂಬುದನ್ನು ಮೊದಲು ಬಿಡಿಸಿಕೊಳ್ಳಿ. ಮಧ್ಯವರ್ತಿಗಳು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುತ್ತಾರೆ.

ಎರಡು ಎಕರೆಯೆಂದರೆ ಹತ್ತಿರ ಹತ್ತಿರ ಸಾವಿರ ಮರ. ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ, ಪ್ರತಿ ಕೊನೆಗೂ, ಅಂದರೆ ಅಡಿಕೆಯ ಗೊನೆಗೂ, ರೋಗ ತಡೆಯುವ ಬೋರ್ಡೋ ದ್ರಾವಣ ತಾಗಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇಷ್ಟನ್ನು ಯಾರು ಬೇಕಾದರೂ ಕಲಸಬಹುದು. ಆದರೆ ಮರ ಹತ್ತಿ ಅದನ್ನು ತುದಿಗೆ ಮುಟ್ಟಿಸುವ ಕೊನೆಗಾರ ಸಿಗುವುದು ಅವನ ಸರದಿಯಂತೆಯೇ ಹೊರತು ನಮ್ಮ ಅನುಕೂಲದಂತೆ ಅಲ್ಲ. ಊರಿಗೆ ಹೊಸಬರಾದ ತಮ್ಮ ಸರದಿ ಕೊನೆಯದಾಗಿರುತ್ತದೆ. ಜುಲೈಯಲ್ಲಿ ಹತ್ತು ದಿನ ಮಳೆ ಬಿಡದೆ ಹೊಡೆದು ಎರಡನೆಯ ಔಷಧಿ ತಪ್ಪಿತೆಂದರೆ, ಎಳೆಗಾಯಿಗಳೆಲ್ಲ ಬಿಳಿಯ ಬೂಷ್ಟು ಹಿಡಿದು ಮರದ ಬುಡದಲ್ಲಿ ಬಿದ್ದಿರುತ್ತವೆ. ಅದು ಹಳೆಯ ಕೊಳೆರೋಗ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡು ಸೋಗೆಯನ್ನೇ ಒಣಗಿಸುತ್ತಿದೆ. ಮಂಗಗಳ ಕಾಟದ ಲೆಕ್ಕ ಬೇರೆ.

ಹೆದರಿಸಲು ಬರೆದದ್ದಲ್ಲ, ನಾವೂ ಇದರಲ್ಲಿಯೇ ಬದುಕುತ್ತಿದ್ದೇವೆ. ಆದರೆ ಪಿಂಚಣಿಯ ನೆಮ್ಮದಿಯಲ್ಲಿ ಜಗಲಿಯ ಮೇಲೆ ಕುಳಿತು ಮಳೆ ನೋಡಬೇಕೆಂಬವರಿಗೆ ಎರಡು ಎಕರೆ ತೋಟ ಅಗತ್ಯವಿಲ್ಲ.

ಉತ್ತರ: ಭೂಮಾಪನ ಇಲಾಖೆಯ ನಿವೃತ್ತ ನೌಕರ

ತಮ್ಮ ಪ್ರಶ್ನೆಯಲ್ಲಿ ‘ಸೇರಿದ’ ಎಂಬುದನ್ನು ತಾವೇ ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದೀರಿ; ಆ ಅನುಮಾನ ಸರಿಯಾದದ್ದು. ಆ ಗುಡ್ಡ ಬಹುಶಃ ಸೊಪ್ಪಿನಬೆಟ್ಟವಾಗಿರಬೇಕು. ತೋಟದ ಗೊಬ್ಬರಕ್ಕೆ ಸೊಪ್ಪು, ದರಗು (ಒಣ ಎಲೆ) ತಂದುಕೊಳ್ಳಲು ಬಾಗಾಯ್ತುದಾರರಿಗೆ, ಅಂದರೆ ತೋಟದ ಮಾಲೀಕರಿಗೆ, ಸರ್ಕಾರ ಬಿಟ್ಟುಕೊಟ್ಟ ಸವಲತ್ತಿನ ಜಾಗ ಅದು. ಅದನ್ನು ಅನುಭವಿಸಬಹುದೇ ಹೊರತು, ಅದು ಮಾರುವವರ ಸ್ವಂತ ಹಿಡುವಳಿಯಲ್ಲ. ನಾಲ್ಕು ಎಕರೆ ಗುಡ್ಡದ ಹೆಸರಿನಲ್ಲಿ ಬೆಲೆ ಏರಿಸಿದ್ದರೆ ಆ ಭಾಗಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಲ್ಲಿ ಮನೆ ಕಟ್ಟುವ ಯೋಚನೆಯನ್ನಂತೂ ಮಾಡಲೇಬೇಡಿ.

ಇನ್ನು ಎರಡು ಎಕರೆ ತೋಟದ ವಿಷಯ. ಪಹಣಿಯಲ್ಲಿ ಹೆಸರಿದೆ ಎಂದಾಕ್ಷಣ ಸಮಾಧಾನಪಡಬಾರದು. ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಹೆಸರುಗಳು ಜಂಟಿಯಾಗಿದ್ದು ಪೋಡಿ, ಅಂದರೆ ಅಳತೆ ಮಾಡಿ ಭಾಗ ಬೇರ್ಪಡಿಸುವ ಕೆಲಸ, ಆಗಿರದಿದ್ದರೆ, ತಾವು ಕೊಳ್ಳುವುದು ಯಾವ ಭಾಗವನ್ನು ಎಂಬುದು ನೆಲದ ಮೇಲೆ ತೀರ್ಮಾನವಾಗಿರುವುದಿಲ್ಲ. ಭಾಗ ಮಾರುವವರು ಆ ಭಾಗದ ಗಡಿ ತೋರಿಸುವ 11ಇ ಎಂಬ ಸರ್ವೆ ನಕ್ಷೆ ಮಾಡಿಸಿಯೇ ನೋಂದಣಿಗೆ ಬರಬೇಕು. ತೋಟಗಳಲ್ಲಿ ಒತ್ತುವರಿಯೂ ಸಾಮಾನ್ಯ. ಕಾಗದದಲ್ಲಿ ಒಂದೂವರೆ ಎಕರೆಯಿದ್ದು ಬೇಲಿಯೊಳಗೆ ಎರಡು ಎಕರೆ ಕಂಡರೆ, ಉಳಿದ ಅರ್ಧ ಎಕರೆ ಕಂದಾಯ ಭೂಮಿಯೋ ಅರಣ್ಯವೋ ಆಗಿರುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಅಳತೆ ಮಾಡಿಸಿ.

ಮೂಲ ಪತ್ರವನ್ನೂ ಕೇಳಿ. ಸರ್ಕಾರ ಕೊಟ್ಟ ಮಂಜೂರಾತಿ ಜಮೀನಾಗಿದ್ದು, ಮಂಜೂರು ಪಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಾಗುವುದಿಲ್ಲ. 2023ರ ತಿದ್ದುಪಡಿಯ ನಂತರ ಎಷ್ಟು ವರ್ಷ ಕಳೆದಿದ್ದರೂ ಅವರ ವಾರಸುದಾರರು ಭೂಮಿಯನ್ನು ಮರಳಿ ಕೇಳಬಹುದು. ನಡುವೆ ಮೂರು ಕೈ ಬದಲಾಗಿದೆ ಎಂಬ ಸಮಜಾಯಿಷಿ ಅಲ್ಲಿ ನಡೆಯದು. ಹಾಗೆಯೇ ಸಾಗರ, ಹೊಸನಗರದ ಕಡೆ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾದವರಿಗೆ ಅರವತ್ತರ ದಶಕದಲ್ಲಿ ಕೊಟ್ಟ ಎಷ್ಟೋ ಜಮೀನುಗಳ ಹಕ್ಕಿನ ವಿವಾದ ಅರಣ್ಯ ಇಲಾಖೆಯೊಂದಿಗೆ ಇಂದಿಗೂ ಮುಗಿದಿಲ್ಲ. ಆ ಕುಟುಂಬಗಳು ನಾಡಿಗೆ ಬೆಳಕು ಕೊಟ್ಟು ತಾವು ಕತ್ತಲಲ್ಲಿ ಉಳಿದವರು, ಅವರ ಬಗ್ಗೆ ಗೌರವವಿದೆ. ಆದರೂ ನಿವೃತ್ತಿಯ ಹಣದಲ್ಲಿ ಅಂಥ ಜಮೀನಿಗೆ ಕೈ ಹಾಕಬೇಡಿ ಎಂದೇ ಹೇಳುತ್ತೇನೆ.

ಋಣಭಾರ ಪತ್ರ ನೋಡುವುದನ್ನು ಬ್ಯಾಂಕಿನವರಾದ ತಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಉತ್ತರ: ಸಾಗರದ ಬಳಿ ನೆಲೆಸಿರುವ ಗೃಹಿಣಿ

ಇಲ್ಲಿಯವರೆಗೆ ಉತ್ತರಿಸಿದವರು ನೆಲದ ಬಗ್ಗೆ ಬರೆದಿದ್ದಾರೆ. ನಿಮ್ಮ ಮನೆಯವರು ಹೇಳಿದ ಒಂದು ಮಾತನ್ನು ಯಾರೂ ಎತ್ತಿಕೊಂಡಿಲ್ಲ. ಬಂದು ಹೋಗಿ ಮಾಡುತ್ತೇನೆ ಎಂಬುದು ಒಪ್ಪಿಗೆಯಲ್ಲ ಸ್ವಾಮಿ, ಅದು ಮರ್ಯಾದೆಯಿಂದ ಹೇಳಿದ ನಿರಾಕರಣೆ.

ನಾನೂ ನನ್ನ ಯಜಮಾನರ ಆಸೆಗೆ ಒಪ್ಪಿ ಮೈಸೂರಿನಿಂದ ಇಲ್ಲಿಗೆ ಬಂದವಳು. ಈಗ ಇಷ್ಟವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಮೊದಲ ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗದೆ, ಹಪ್ಪಳದ ಡಬ್ಬಿಗೂ ರೇಷ್ಮೆ ಸೀರೆಗೂ ಬೂಸಲು ಹಿಡಿದು, ತಂತಿಯ ಮೇಲೆ ಮರ ಬಿದ್ದು ಕರೆಂಟು ಮೂರು ನಾಲ್ಕು ದಿನ ಬಾರದಿದ್ದಾಗ, ಮಾತನಾಡಲು ಒಂದು ಹೆಣ್ಣುಜೀವವೂ ಹತ್ತಿರವಿರಲಿಲ್ಲ. ಮಲೆನಾಡಿನ ಮನೆಗಳು ಒಂದಕ್ಕೊಂದು ದೂರ. ಗಂಡಸರಿಗೆ ಸೊಸೈಟಿ, ಸಂತೆ, ಹೋಟೆಲಿನ ಕಟ್ಟೆ ಇರುತ್ತದೆ. ಕಾರು ಓಡಿಸಲು ಬಾರದ ಹೆಂಗಸಿಗೆ ದಿನಕ್ಕೆರಡು ಸಲ ಬರುವ ಬಸ್ಸೇ ಗತಿ.

ಅವರಿಗೆ ಇನ್ಸುಲಿನ್ ಇದ್ದರೆ, ಕರೆಂಟು ಹೋದ ದಿನ ಅದನ್ನು ತಂಪಾಗಿ ಇಡುವುದು ಹೇಗೆ ಎಂಬುದನ್ನು ಈಗಲೇ ಯೋಚಿಸಿ. ಸಾಗರದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಆದರೆ ದೊಡ್ಡ ಕಾಯಿಲೆಗೆ ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗ, ಇಲ್ಲವೇ ಘಟ್ಟ ಇಳಿದು ಮಣಿಪಾಲ. ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯವೂ ಇರುತ್ತದೆ; 1957ರಲ್ಲಿ ಅದು ಮೊದಲು ಗೊತ್ತಾದ ಕ್ಯಾಸನೂರು ಕಾಡು ನಮ್ಮ ಪಕ್ಕದ ಸೊರಬ ತಾಲ್ಲೂಕಿನದೇ. ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಡೆಪಾ ತೈಲ ಹಚ್ಚಿಕೊಳ್ಳುತ್ತಾರೆ.

ಇನ್ನೊಂದು ಮಾತನ್ನು ಕೇಳಲು ಕಷ್ಟ, ಆದರೂ ಕೇಳುತ್ತೇನೆ. ನಿಮ್ಮಿಬ್ಬರಲ್ಲಿ ಒಬ್ಬರೇ ಉಳಿದ ದಿನ ಆ ಮನೆಯಲ್ಲಿ ಇರುವವರು ಯಾರು? ಉಳಿಯುವವರು ಅವರೇ ಆದರೆ, ಮನೆಯ ಜಾಗವನ್ನು ಆರಿಸುವ ಹಕ್ಕೂ ಅವರಿಗಿರಬೇಕಲ್ಲವೇ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಅಮ್ಮನವರ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. “ಇವರ ಫೋನ್ ನಂಬರ್ ಸಿಗುತ್ತದೆಯೇ” ಎಂದು ಕೇಳಿದಳು! ಹೋಬಳಿ ಕೇಂದ್ರದ ಹತ್ತಿರ, ಅಕ್ಕಪಕ್ಕ ಮನೆಗಳಿರುವ ಕಡೆಯಾದರೆ ಒಂದು ಮಳೆಗಾಲ ಇದ್ದು ನೋಡಲು ಒಪ್ಪಿದ್ದಾಳೆ. ಅಂಥ ಕಡೆ ಬಾಡಿಗೆಗೆ ಮನೆ ಸಿಗುವುದೇ? ತೋಟವನ್ನು ಈಗಲೇ ಕೊಂಡು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟರೆ ಹೇಗೆ?

ಉತ್ತರ: ಹೊಸನಗರದ ಕೃಷಿಕ

ಮನೆ ಖಂಡಿತ ಸಿಗುತ್ತದೆ. ಮಕ್ಕಳೆಲ್ಲ ಬೆಂಗಳೂರು ಸೇರಿ, ವಯಸ್ಸಾದವರು ತೀರಿಕೊಂಡ ಮೇಲೆ ಬೀಗ ಹಾಕಿದ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ದೀಪ ಹಚ್ಚುವವರು ಬಂದರೆ ಸಾಕೆಂದು ಕಡಿಮೆ ಬಾಡಿಗೆಗೆ ಕೊಡುವವರಿದ್ದಾರೆ. ಪತ್ರಿಕೆಯ ಜಾಹೀರಾತಿನಲ್ಲಿ ಇವು ಕಾಣಿಸುವುದಿಲ್ಲ, ಸೊಸೈಟಿಯಲ್ಲಿಯೋ ಹಾಲಿನ ಡೈರಿಯಲ್ಲಿಯೋ ವಿಚಾರಿಸಬೇಕು. ಮೇ ಕೊನೆಯೊಳಗೆ ಬಂದುಬಿಡಿ. ಜೂನ್ ಹಿಡಿದ ಮೇಲೆ ಸಾಮಾನು ಸಾಗಿಸುವುದು ಕಷ್ಟ.

ಚೇಣಿಯ ವಿಷಯದಲ್ಲಿ ಅವಸರ ಬೇಡ. ಚೇಣಿದಾರ ಆ ವರ್ಷದ ಫಸಲನ್ನು ಕೊಳ್ಳುತ್ತಾನೆ, ಮರವನ್ನಲ್ಲ. ಬಸಿಗಾಲುವೆ ಬಿಡಿಸುವುದು, ಗೊಬ್ಬರ ಹಾಕುವುದು, ಸತ್ತ ಮರದ ಜಾಗಕ್ಕೆ ಸಸಿ ಇಡುವುದು ಮಾಲೀಕನದೇ ಕೆಲಸ. ಈಗ ಇಟ್ಟ ಸಸಿ ಫಸಲು ಕೊಡುವಷ್ಟರಲ್ಲಿ ಐದಾರು ವರ್ಷವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಾಡಿಗೆ ಮನೆಯ ಹಿತ್ತಲಿನಲ್ಲಿ ಸಾಮಾನ್ಯವಾಗಿ ಐದು ಗುಂಟೆಯಾದರೂ ಇರುತ್ತದೆ. ಬಾಳೆ, ಸುವರ್ಣಗೆಡ್ಡೆ, ನಾಲ್ಕು ಬಳ್ಳಿ ಮೆಣಸು, ಮಳೆಗಾಲದ ಮೊಗೆಕಾಯಿಗೆ ಅದು ಧಾರಾಳ ಸಾಕು. ಮಧ್ಯವರ್ತಿಗೆ ದೀಪಾವಳಿ ಕಳೆಯಲಿ ಎಂದು ಹೇಳಿ. ಅಷ್ಟರೊಳಗೆ ಆ ತೋಟ ಮಾರಿಹೋದರೆ ಹೋಗಲಿ, ಈ ಕಡೆ ಮಾರಾಟಕ್ಕಿರುವ ತೋಟಗಳಿಗೆ ಬರವಿಲ್ಲ.