ಯಾದೃಚ್ಛಿಕ ಟೆಸ್ಟ್ ಡೇಟಾ: ರಾತ್ರಿ ಸೋತ ಪರೀಕ್ಷೆ ಬೆಳಿಗ್ಗೆ ಗೆಲ್ಲುವುದೇಕೆ?

ಪ್ರಶ್ನೆ: ನಮಸ್ಕಾರ ಸರ್. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗಾಗಿ ಸಾಲದ ಲೆಕ್ಕವಿಡುವ ತಂತ್ರಾಂಶವನ್ನು ನಾವು ಮೂವರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಇಷ್ಟು ದಿನ ಸದಸ್ಯರ ನಿಜವಾದ ಪಟ್ಟಿಯನ್ನೇ ನಕಲು ಮಾಡಿಕೊಂಡು ಪರೀಕ್ಷಿಸುತ್ತಿದ್ದೆವು. ಅದು ತಪ್ಪೆಂದು ಅರಿವಾದ ಮೇಲೆ ಹೆಸರು, ಆಧಾರ್, ಮೊಬೈಲ್, ಸಾಲದ ಮೊತ್ತ ಎಲ್ಲವನ್ನೂ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಯಾದೃಚ್ಛಿಕವಾಗಿ, ಅಂದರೆ ಗೊತ್ತಾದ ಕ್ರಮವಿಲ್ಲದೆ, ಹುಟ್ಟಿಸುತ್ತಿದ್ದೇವೆ. ಈಗ ರಾತ್ರಿ ಸೋತ ಟೆಸ್ಟ್ ಬೆಳಿಗ್ಗೆ ಮತ್ತೆ ಓಡಿಸಿದರೆ ಪಾಸಾಗುತ್ತದೆ, ತಪ್ಪು ಕೈಗೆ ಸಿಗುವುದಿಲ್ಲ. ಯಾದೃಚ್ಛಿಕ ಡೇಟಾದ ಸಹವಾಸವನ್ನೇ ಬಿಟ್ಟುಬಿಡಬೇಕೆ?

ಉತ್ತರ: ಬಿಡಬೇಡಿ. ರಾತ್ರಿ ಸೋತ ಟೆಸ್ಟ್ ನಿಮಗೆ ಒಂದು ನಿಜವಾದ ಬಗ್ ತೋರಿಸಿದೆ. ಅದನ್ನು ತೋರಿಸಿದ ಡೇಟಾವನ್ನು ನೀವು ಉಳಿಸಿಕೊಳ್ಳಲಿಲ್ಲ, ಅಷ್ಟೆ. ಪೈಥಾನ್‌ನ ರ‍್ಯಾಂಡಮ್ ಮಾಡ್ಯೂಲ್ ಕೊಡುವ ಸಂಖ್ಯೆಗಳು ಲೆಕ್ಕದಿಂದ ಹುಟ್ಟುವಂಥವು, ಆದ್ದರಿಂದ ಅದಕ್ಕೆ ಒಂದೇ ಸೀಡ್ (ಆ ಲೆಕ್ಕವನ್ನು ಆರಂಭಿಸುವ ಸಂಖ್ಯೆ) ಕೊಟ್ಟರೆ ಅದೇ ಸಂಖ್ಯೆಗಳು ಅದೇ ಕ್ರಮದಲ್ಲಿ ಬರುತ್ತವೆ. ಪ್ರತಿ ರಾತ್ರಿ ಹೊಸ ಸೀಡ್ ಆರಿಸಿ, ಟೆಸ್ಟ್ ಆರಂಭವಾಗುವ ಮೊದಲೇ ಅದನ್ನು ಲಾಗ್‌ನಲ್ಲಿ ಬರೆಸಿ. ಬೆಳಿಗ್ಗೆ ಅದೇ ಸೀಡ್ ಕೊಟ್ಟು ಓಡಿಸಿ.

ಹೀಗೆ ಮಾಡಿದರೂ ಕೆಲವೊಮ್ಮೆ ಡೇಟಾ ಬದಲಾಗುತ್ತದೆ. ವಯಸ್ಸನ್ನು ‘ಇಂದಿನ ದಿನಾಂಕ’ದಿಂದ ಹಿಂದಕ್ಕೆ ಎಣಿಸಿದ್ದರೆ ಮಧ್ಯರಾತ್ರಿ ದಾಟಿದೊಡನೆ ಹುಟ್ಟಿದ ದಿನ ಬೇರೆಯಾಗುತ್ತದೆ, ಏಕಕಾಲಕ್ಕೆ ಓಡುವ ಹಲವು ಟೆಸ್ಟ್‌ಗಳು ಒಂದೇ ಜನರೇಟರಿನಿಂದ ಸಂಖ್ಯೆ ಪಡೆಯುತ್ತಿದ್ದರೆ ಯಾವುದು ಮೊದಲು ಪಡೆಯಿತೆಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಪ್ರತಿ ಟೆಸ್ಟಿಗೂ ಅದರದೇ ಜನರೇಟರ್ ಕೊಡಿ, ‘ಇಂದು’ ಎಂಬುದನ್ನೂ ನೀವೇ ಗೊತ್ತುಪಡಿಸಿ.

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ನಿಮ್ಮ ತಂತ್ರಾಂಶ ಎಡವುವುದಾದರೆ 5,00,000 ಮತ್ತು 5,00,001ರ ನಡುವೆ ಎಡವುತ್ತದೆ. ಆದರೆ 1 ರೂಪಾಯಿಯಿಂದ 10 ಲಕ್ಷ ರೂಪಾಯಿಯವರೆಗಿನ ಮೊತ್ತಗಳನ್ನು ಸಮಾನವಾಗಿ ಆರಿಸಿದರೆ ಈ ಎರಡರಲ್ಲೊಂದು ಸಿಗುವ ಸಾಧ್ಯತೆ 5 ಲಕ್ಷಕ್ಕೆ ಒಂದು. ಇಂಥ ಅಂಚಿನ ಮೊತ್ತಗಳನ್ನೂ ಫೆಬ್ರವರಿ 29ನ್ನೂ ಕೈಯಾರೆ ಸೇರಿಸಲೇಬೇಕು.

ಮರುಪ್ರಶ್ನೆ: ಯಾದೃಚ್ಛಿಕವಾಗಿ ಬರುವ ಆಧಾರ್ ಸಂಖ್ಯೆಗಳಲ್ಲಿ ಹೆಚ್ಚಿನವನ್ನು ನಮ್ಮ ಫಾರಂ ತಿರಸ್ಕರಿಸುತ್ತದೆ. ಆ ತಪಾಸಣೆಯನ್ನು ಟೆಸ್ಟ್ ವೇಳೆ ತೆಗೆದುಬಿಡಬಹುದೇ?

ಉತ್ತರ: ತೆಗೆದರೆ ಆ ತಪಾಸಣೆ ಸರಿಯಿದೆಯೇ ಎಂಬುದನ್ನು ಯಾರು ಪರೀಕ್ಷಿಸುತ್ತಾರೆ? ಆಧಾರ್‌ನ 12ನೆಯ ಅಂಕಿ ಮೊದಲ 11 ಅಂಕಿಗಳಿಂದ, ಬರೆಯುವಾಗಿನ ತಪ್ಪನ್ನು ಪತ್ತೆಹಚ್ಚುವ ವರ್ಹೋಫ್ ವಿಧಾನದಲ್ಲಿ ಲೆಕ್ಕ ಹಾಕಿ ಬರುವಂಥದ್ದು, ಹೀಗಾಗಿ ಸುಮ್ಮನೆ ಹುಟ್ಟಿಸಿದ ಹತ್ತು ಸಂಖ್ಯೆಗಳಲ್ಲಿ ಒಂಬತ್ತು ಬೀಳುವುದು ಸಹಜ. ಮೊದಲ 11 ಅಂಕಿಗಳನ್ನು ಯಾದೃಚ್ಛಿಕವಾಗಿ ಪಡೆದು ಕೊನೆಯದನ್ನು ನೀವೇ ಲೆಕ್ಕ ಹಾಕಿ. ಆದರೆ ಇಲ್ಲೊಂದು ಅಪಾಯವಿದೆ. ಆಧಾರ್ ಸಂಖ್ಯೆ 0 ಅಥವಾ 1ರಿಂದ ಆರಂಭವಾಗುವುದಿಲ್ಲವಾದ್ದರಿಂದ ನಿಯಮಕ್ಕೆ ಒಪ್ಪುವ ಸಂಖ್ಯೆಗಳು ಒಟ್ಟು 8,000 ಕೋಟಿ. ಈಗಾಗಲೇ 130 ಕೋಟಿಗೂ ಹೆಚ್ಚು ಹಂಚಿಕೆಯಾಗಿವೆ. ಅಂದರೆ ನೀವು ಹುಟ್ಟಿಸುವ ಸರಿಯಾದ ಅರವತ್ತು ಸಂಖ್ಯೆಗಳಲ್ಲಿ ಒಂದು ಯಾರೋ ನಿಜವಾದ ವ್ಯಕ್ತಿಯದಾಗಿರಬಹುದು. ಇವು ಪರೀಕ್ಷಾ ಡೇಟಾಬೇಸಿನಿಂದ ಹೊರಗೆ ಹೋಗಕೂಡದು. ಮೊಬೈಲ್ ಸಂಖ್ಯೆಯಲ್ಲಿ ಇದು ಇನ್ನೂ ಬೇಗ ಕಾಡುತ್ತದೆ: ಹಿಂದೆ ನಾನಿದ್ದ ತಂಡವೊಂದು ಎಸ್‌ಎಂಎಸ್ ಸೇವೆಯನ್ನು ಕಡಿತಗೊಳಿಸದೆ ಟೆಸ್ಟ್ ಓಡಿಸಿ, ‘ನಿಮ್ಮ ಕಂತು ಬಾಕಿಯಿದೆ’ ಎಂಬ ಸಂದೇಶವನ್ನು ಅಪರಿಚಿತರಿಗೆಲ್ಲ ಕಳುಹಿಸಿತ್ತು. ಮರುದಿನ ಬಂದ ಕರೆಗಳಿಗೆ ಉತ್ತರಿಸುವ ಪಾಳಿ ನನ್ನದಾಗಿತ್ತು.

ಮರುಪ್ರಶ್ನೆ: ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹುಟ್ಟಿಸಿದರೆ ಸಾಕಲ್ಲವೇ?

ಉತ್ತರ: ಸದಸ್ಯರ ಹೆಸರು ಕನ್ನಡದಲ್ಲಿ ದಾಖಲಾಗುವುದಾದರೆ ಸಾಲದು. ‘ಲಕ್ಷ್ಮಿ’ ಎಂಬುದು ನಮ್ಮ ಕಣ್ಣಿಗೆ ಎರಡೇ ಅಕ್ಷರ, ಯೂನಿಕೋಡ್‌ನಲ್ಲಿ ಏಳು ಸಂಕೇತ, ಅವನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ 21 ಬೈಟ್. ನಿಮ್ಮ ಕಾಲಂನ ಉದ್ದವನ್ನು 20 ಎಂದಿಟ್ಟು, ಡೇಟಾಬೇಸ್ ಅದನ್ನು ಬೈಟ್‌ಗಳಲ್ಲಿ ಎಣಿಸುತ್ತಿದ್ದರೆ ಈ ಪುಟ್ಟ ಹೆಸರೂ ಹಿಡಿಸುವುದಿಲ್ಲ. ಒತ್ತಕ್ಷರಗಳು ಧಾರಾಳವಾಗಿರುವ ಹೆಸರುಗಳನ್ನು, ಇನಿಶಿಯಲ್ ಮುಂದಿರುವ ಮತ್ತು ಹಿಂದಿರುವ ಹೆಸರುಗಳನ್ನು, ಮನೆತನದ ಹೆಸರೇ ಇಲ್ಲದ ಒಂಟಿ ಹೆಸರುಗಳನ್ನು ಬೆರೆಸಿ ಒಂದು ಪಟ್ಟಿ ಮಾಡಿಕೊಂಡು ಅದರಿಂದ ಆರಿಸಿ.